ಸಂಪಾದಕರ ಉತ್ತರ: ಮನೆಯಂಗಳದಲ್ಲೊಂದು ಗೋಡೆ

ಪ್ರಿಯ ಓದುಗರೇ,

ಕುಂದಾಪುರದಿಂದ ನೀವು ಬರೆದ ಪತ್ರ ಸಿಕ್ಕಿತು. ಜೆರುಸಲೇಮಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡುವ ನಿಮ್ಮ ತಂಗಿ, ಯಹೂದಿಗಳು ಪ್ರಾರ್ಥಿಸುವ ಇನ್ನೊಂದು ‘ಚಿಕ್ಕ ಗೋಡೆ’ ಅಲ್ಲಿದೆ ಅಂದರಂತೆ. ನಮ್ಮ ಲೇಖನದಲ್ಲಿದ್ದದ್ದು ಒಂದೇ ಗೋಡೆ, ಯಹೂದಿಗಳು ಪ್ರಾರ್ಥಿಸುವ ಪಶ್ಚಿಮ ಗೋಡೆ, ಅದೂ ಸುಮಾರು 57 ಮೀಟರ್ ಉದ್ದದ್ದು. ಯಾರದ್ದು ಸರಿ ಎಂದು ಕೇಳಿದ್ದೀರಿ.

ತಂಗಿಯದ್ದೇ ಸರಿ. ಆದರೆ ಅದು ಬೇರೆ ಗೋಡೆಯಲ್ಲ, ಅದೇ ಗೋಡೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಯಹೂದಿಗಳ ರಾಜ ಹೆರೋದ ಅವರ ದೇವಾಲಯದ ದಿಬ್ಬಕ್ಕೆ ಆಸರೆಯಾಗಿ ಕಟ್ಟಿಸಿದ ಪಶ್ಚಿಮ ಗೋಡೆಯ ಪೂರ್ತಿ ಉದ್ದ 488 ಮೀಟರ್. ನಾವು ಬರೆದದ್ದು ಜನ ಸೇರಿ ಪ್ರಾರ್ಥಿಸುವ ಬಯಲಿನಲ್ಲಿ ಕಾಣುವ ಭಾಗದ ಲೆಕ್ಕ ಮಾತ್ರ. ತಪ್ಪು ನಮ್ಮದೇ. ಉಳಿದದ್ದರಲ್ಲಿ ಹೆಚ್ಚಿನದು ಮನೆಗಳ ಹಿಂದೆ, ನೆಲದ ಕೆಳಗೆ ಮುಚ್ಚಿಹೋಗಿದೆ.

ಹಳೇ ನಗರದ ಮುಸ್ಲಿಮರ ಕೇರಿಯ ಒಂದು ಅಂಗಳದಲ್ಲಿ ಅದು ಸ್ವಲ್ಪ ಇಣುಕುತ್ತದೆ. ಹೀಬ್ರೂವಿನಲ್ಲಿ ಅದಕ್ಕೆ ‘ಕೋಟೆಲ್ ಹಕತಾನ್’, ಅಂದರೆ ಚಿಕ್ಕ ಗೋಡೆ ಎನ್ನುತ್ತಾರೆ. ಪಕ್ಕದ ಕಟ್ಟಡ ಈಜಿಪ್ಟಿನಿಂದ ಆಳುತ್ತಿದ್ದ ಮಮ್ಲೂಕ ಸುಲ್ತಾನರ ಕಾಲದ್ದು. 1293ರಲ್ಲಿ ಯಾತ್ರಿಕರ ಛತ್ರವಾಗಿ ಕಟ್ಟಿದ್ದು, ಈಗ ಅಲ್ಲಿ ಸಂಸಾರಗಳಿವೆ. ನೆಲ ಎತ್ತರವಾಗಿರುವುದರಿಂದ ಹೆರೋದನ ಕಾಲದ ಕಲ್ಲಿನ ಎರಡೇ ಸಾಲು ಮೇಲೆ ಕಾಣುತ್ತವೆ. ದೊಡ್ಡ ಬಯಲಿನಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ತಡೆ ಇದೆ. ಇಲ್ಲಿ ಅದಿಲ್ಲ.

‘ಗೋಡೆಗೆ ಯಾಕೆ ಪೂಜೆ?’ ಅಂತಲೂ ಕೇಳಿದ್ದೀರಿ. ಪೂಜೆ ಗೋಡೆಗಲ್ಲ. ಕ್ರಿ.ಶ. 70ರಲ್ಲಿ ರೋಮನ್ನರು ಕೆಡವಿದ ದೇವಾಲಯ ಇದ್ದ ಕಡೆಗೆ ಮುಖಮಾಡಿ ಯಹೂದಿಗಳು ಪ್ರಾರ್ಥಿಸುತ್ತಾರೆ. ಆ ದೇವಾಲಯದಲ್ಲಿ ನಮ್ಮ ಗರ್ಭಗುಡಿಯಂಥ ಒಳಕೋಣೆ ಇದ್ದ ಜಾಗಕ್ಕೆ ಬಯಲಿಗಿಂತ ಈ ಅಂಗಳವೇ ಹತ್ತಿರ ಎಂಬುದು ಇಲ್ಲಿಗೆ ಬರುವವರ ನಂಬಿಕೆ.

ಹಾಗಿದ್ದರೆ ಇದನ್ನೂ ಬಯಲು ಮಾಡಬಹುದಲ್ವಾ ಅಂತ ಅನಿಸಬಹುದು. ದೊಡ್ಡ ಗೋಡೆಯ ಮುಂದೆಯೂ 1967ರ ತನಕ ನಾಲ್ಕು ಮೀಟರಿಗೂ ಕಿರಿದಾದ ಗಲ್ಲಿಯಷ್ಟೇ ಇತ್ತು. ಆ ಜೂನಿನಲ್ಲಿ ಅರಬ್ ದೇಶಗಳ ಜೊತೆ ನಡೆದ ಯುದ್ಧದಲ್ಲಿ ಹಳೇ ನಗರ ಇಸ್ರೇಲಿನ ಕೈಸೇರಿತು. ಯುದ್ಧ ಮುಗಿಯುತ್ತಿದ್ದಂತೆ ಇಸ್ರೇಲ್ ಅಲ್ಲಿನ ಮೊರಾಕ್ಕನ್ನರ ಕೇರಿಯನ್ನೇ ಕೆಡವಿತು. ಸಂಸಾರಗಳು ರಾತ್ರೋರಾತ್ರಿ ಎದ್ದು ಹೋಗಬೇಕಾಯಿತು. ಇಂದಿನ ವಿಶಾಲ ಬಯಲು ಸುಮ್ನೆ ಬಂದದ್ದಲ್ಲ. ಚಿಕ್ಕ ಗೋಡೆ ಚಿಕ್ಕದಾಗಿ ಉಳಿದದ್ದು ಅಲ್ಲಿನ ಮನೆಗಳು ಉಳಿದದ್ದರಿಂದ. ಅದು ಹಾಗೇ ಇರಲಿ ಎಂಬುದು ನನ್ನ ಅಭಿಪ್ರಾಯ, ನೀವು ಒಪ್ಪದಿರಬಹುದು.

ತಿಕ್ಕಾಟ ಇಲ್ಲವೆಂದಲ್ಲ. ಒಬ್ಬರ ದೇವರ ಜಾಗವೇ ಇನ್ನೊಬ್ಬರ ಮನೆಬಾಗಿಲು ನೋಡಿ! 2006ರಲ್ಲಿ ಯಹೂದಿ ಹೊಸವರ್ಷದ ದಿನ ಇಲ್ಲಿ ಹಬ್ಬದ ಪದ್ಧತಿಯಂತೆ ಟಗರಿನ ಕೊಂಬು ಊದಿದವನನ್ನು ಇಸ್ರೇಲಿ ಪೊಲೀಸರೇ ಹಿಡಿದುಕೊಂಡು ಹೋಗಿದ್ದರು.

ತಂಗಿ ಮತ್ತೆ ಹೋದರೆ ದಿಬ್ಬದ ‘ಕಬ್ಬಿಣದ ಬಾಗಿಲಿಗೆ’ ಹೋಗುವ ಬೀದಿ ಹಿಡಿಯಲಿ. ಬಾಗಿಲು ಬರುವ ಸ್ವಲ್ಪ ಮುಂಚೆ ಎಡಕ್ಕೆ ತಿರುಗಬೇಕು. ಒಂದು ಫೋಟೋ ತೆಗೆದು ಕಳಿಸಿದರೆ ತಿದ್ದುಪಡಿಯ ಜೊತೆ ಹಾಕುತ್ತೇವೆ. ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವ ತನಕ ಮಾತ್ರ ಬೇಡ. ಆಗ ಸಬ್ಬತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ, ಕ್ಯಾಮೆರಾ ತೆಗೆದರೆ ಪ್ರಾರ್ಥನೆಗೆ ಬಂದವರು ಬೇಸರ ಮಾಡಿಕೊಳ್ಳುತ್ತಾರೆ.

– ಸಂಪಾದಕ