ಸಂಬಳ, ಕಾನೂನು ಮತ್ತು ಒಂದು ಸರದಿ ಪುಸ್ತಕ

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಭಿವೃದ್ಧಿಶೀಲ ದೇಶಗಳ ಆಡಳಿತ ಸುಧಾರಣೆ ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನ ವಿಷಯವನ್ನು ಸುಮ್ಮನೆ ಗೋಜಲು ಮಾಡಿದೆ ಎಂದು ಬೇಸರಪಟ್ಟಿದ್ದೀರಿ. "ಒಳ್ಳೆಯ ಸಂಬಳ ಕೊಡಿ, ಕಾನೂನು ಬಿಗಿ ಮಾಡಿ, ಲಂಚಕೋರರನ್ನು ಮನೆಗೆ ಕಳಿಸಿ, ಮಿಕ್ಕಿದ್ದು ತಾನಾಗಿ ಆಗುತ್ತದೆ" ಎಂಬುದು ನಿಮ್ಮ ವಾದ. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ದುಡಿದವರ ಮಾತನ್ನು ತಳ್ಳಿಹಾಕಲಾರೆ. ಆದರೂ ಪೂರ್ತಿ ಒಪ್ಪಲು ಮನಸ್ಸು ಬರುತ್ತಿಲ್ಲ.

ಉಗಾಂಡಾ 1991ರಲ್ಲಿ ತೆರಿಗೆ ವಸೂಲಿಯನ್ನು ಪ್ರತ್ಯೇಕ ಕಂದಾಯ ಪ್ರಾಧಿಕಾರಕ್ಕೆ ಒಪ್ಪಿಸಿತು. ಅಲ್ಲಿನವರಿಗೆ ಉಳಿದ ಸರ್ಕಾರಿ ನೌಕರರಿಗಿಂತ ಬಹಳ ಹೆಚ್ಚು ಸಂಬಳ. ಮೊದಮೊದಲು ವಸೂಲಿ ಚೆನ್ನಾಗಿಯೇ ಏರಿತು. ಕೆಲವು ವರ್ಷಗಳಲ್ಲಿ ಏರಿಕೆ ನಿಂತಿತು, ಲಂಚ ಮರಳಿತು. ಅಧ್ಯಯನ ಮಾಡಿದವರು ಕಂಡುಕೊಂಡ ಒಂದು ಕಾರಣ ನನ್ನನ್ನು ಇಂದಿಗೂ ಕಾಡುತ್ತದೆ: ಸಂಬಳ ದೊಡ್ಡದಾದಷ್ಟೂ ನೆಂಟರಿಷ್ಟರ ನಿರೀಕ್ಷೆಯೂ ದೊಡ್ಡದಾಗುತ್ತದೆ. ಯಾರದೋ ಓದು, ಇನ್ಯಾರದೋ ಆಸ್ಪತ್ರೆ ಖರ್ಚು. ಎಷ್ಟು ಬಂದರೂ ಸಾಲದು. ನೆರೆಯ ತಾಂಜಾನಿಯಾ 1996ರಲ್ಲಿ ಇಂಥದೇ ಪ್ರಾಧಿಕಾರ ಕಟ್ಟಿದಾಗ ಹಳೆಯ ಸಿಬ್ಬಂದಿಯಲ್ಲಿ ದೊಡ್ಡ ಪಾಲನ್ನು ಕೈಬಿಟ್ಟಿತು. ಅವರಲ್ಲಿ ಅನೇಕರು ಮನೆಗೆ ಹೋಗಲಿಲ್ಲ, ಖಾಸಗಿ ಕಂಪನಿಗಳಿಗೆ ತೆರಿಗೆ ಸಲಹೆಗಾರರಾಗಿ ಹೋದರು. ಒಳಗೆ ಉಳಿದವರ ಜೊತೆಗಿನ ಹಳೆಯ ನಂಟು ಇನ್ನಷ್ಟು ಗಟ್ಟಿಯಾಯಿತು.

ಇನ್ನು ಕಾನೂನು. ಸಾಲ ಕೊಡುವವರನ್ನು ಮೆಚ್ಚಿಸಲು ಬೇರೆ ದೇಶದ ಕಾಯ್ದೆಯನ್ನು ನಕಲು ಮಾಡಿ ಅಂಗೀಕರಿಸುವುದು ಸುಲಭ. ಅದನ್ನು ನಡೆಸಬಲ್ಲ ತನಿಖಾಧಿಕಾರಿ, ಲೆಕ್ಕಪರಿಶೋಧಕ, ಅಂಜದ ನ್ಯಾಯಾಧೀಶ ನಕಲಿನಿಂದ ಹುಟ್ಟುವುದಿಲ್ಲ.

ಹಾಗಾದರೆ ಏನೂ ಆಗುವುದಿಲ್ಲವೇ? ಆಗುತ್ತದೆ. ಅದೇ ಉಗಾಂಡಾದಲ್ಲಿ 1991ರಿಂದ 1995ರವರೆಗೆ ಪ್ರಾಥಮಿಕ ಶಾಲೆಗಳಿಗೆಂದು ಬಿಡುಗಡೆಯಾದ ತಲಾ ಅನುದಾನದಲ್ಲಿ ಶಾಲೆ ಮುಟ್ಟಿದ್ದು ಸರಾಸರಿ ಶೇ 13 ಮಾತ್ರ. ಇದು ಬಯಲಾದ ಮೇಲೆ ಯಾವ ಜಿಲ್ಲೆಗೆ ಎಷ್ಟು ಹಣ ಹೋಯಿತೆಂದು ಸರ್ಕಾರ ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿತು, ಶಾಲೆಯ ಗೋಡೆಗೂ ಪಟ್ಟಿ ಅಂಟಿಸಿತು. 2001ರ ಹೊತ್ತಿಗೆ ಶೇ 80ಕ್ಕೂ ಹೆಚ್ಚು ಹಣ ಶಾಲೆಗೆ ತಲುಪುತ್ತಿತ್ತು. ಎಲ್ಲವೂ ಪತ್ರಿಕೆಯಿಂದಲೇ ಆಯಿತೆಂದು ಪತ್ರಿಕೆಯವನಾದ ನಾನು ಹೇಳಲಾರೆ; ಮೇಲಿನಿಂದ ಬಿಗಿಯಾದ ನಿಗಾ ಕೂಡ ಬಂದಿತ್ತು. ಆದರೆ ತನಗೆ ಬರಬೇಕಾದ್ದೆಷ್ಟು ಎಂಬುದೇ ಗೊತ್ತಿಲ್ಲದ ಮುಖ್ಯೋಪಾಧ್ಯಾಯ ಯಾರನ್ನು ಏನೆಂದು ಕೇಳಿಯಾನು?

ನನಗೆ ಇನ್ನೂ ಹೆಚ್ಚು ಹಿಡಿಸಿದ್ದು ಬ್ರೆಜಿಲ್‌ನ ಈಶಾನ್ಯದ ಬಡ ರಾಜ್ಯ ಸೆಯಾರಾ. 1987ರ ಬರದಲ್ಲಿ ಪರಿಹಾರ ಕೆಲಸವಾಗಿ ಅಲ್ಲಿ ಆರೋಗ್ಯ ಕಾರ್ಯಕರ್ತರನ್ನು ನೇಮಿಸಿದರು, ಹೆಚ್ಚಿನವರು ಹೆಂಗಸರು. ವಶೀಲಿಯಿಂದ ನೌಕರಿ ಹಂಚುತ್ತಿದ್ದ ಮೇಯರ್‌ಗಳ ಕೈಗೆ ಆಯ್ಕೆಯನ್ನು ಕೊಡಲಿಲ್ಲ. ರಾಜ್ಯದ ಅಧಿಕಾರಿಗಳೇ ಊರೂರಿಗೆ ಹೋಗಿ ಸಂದರ್ಶನ ನಡೆಸಿದರು. ಆಯ್ಕೆಯಾಗದವರನ್ನು ಸುಮ್ಮನೆ ಕಳಿಸಲಿಲ್ಲ: "ಆಯ್ಕೆಯಾದವರು ಮನೆಮನೆಗೆ ಹೋಗುತ್ತಿದ್ದಾರೋ ಇಲ್ಲವೋ ನೀವೇ ನೋಡಿ, ಹೋಗದಿದ್ದರೆ ನಮಗೆ ತಿಳಿಸಿ" ಎಂದರು. ಕೊಟ್ಟಿದ್ದು ಕನಿಷ್ಠ ವೇತನ. ನೌಕರಿ ಕಾಯಂ ಮಾಡಲಿಲ್ಲ. ಇದು ಮಾತ್ರ ನನಗೆ ನ್ಯಾಯವೆಂದು ಕಾಣುವುದಿಲ್ಲ. ಆದರೆ ಆ ಹೆಂಗಸರಿಗೆ ಊರಿನಲ್ಲಿ ಹಿಂದೆಂದೂ ಇಲ್ಲದ ಗೌರವ ಸಿಕ್ಕಿತು, ಆ ಗೌರವ ಉಳಿಸಿಕೊಳ್ಳಲು ಹೇಳಿದ್ದಕ್ಕಿಂತ ಹೆಚ್ಚೇ ದುಡಿದರು. ದಡಾರ, ಪೋಲಿಯೊ ಲಸಿಕೆ ಕಾಲು ಭಾಗ ಜನಕ್ಕೆ ತಲುಪುತ್ತಿದ್ದುದು ಕೆಲವೇ ವರ್ಷಗಳಲ್ಲಿ ಶೇ 90ಕ್ಕೆ ಏರಿತು. ನೌಕರನನ್ನು ಕಳ್ಳನೆಂದೇ ಎಣಿಸಿ ಬರೆದ ಸುಧಾರಣಾ ವರದಿಗಳಲ್ಲಿ ಇಂಥ ಲೆಕ್ಕಕ್ಕೆ ಜಾಗವೇ ಇರುವುದಿಲ್ಲ.

ಪತ್ರದ ಕೊನೆಯಲ್ಲಿ ನೀವು ಬರೆದ ಎರಡು ಸಾಲಿಗೆ ಬರುತ್ತೇನೆ. ನಿಮ್ಮ ಸೇವಾವಧಿಯಲ್ಲಿ ಮೂರು ಸುಧಾರಣಾ ಯೋಜನೆಗಳು ಬಂದುಹೋದವು, ಉಳಿದದ್ದು ಒಬ್ಬ ಗುಮಾಸ್ತೆ ತಾವಾಗಿ ಆರಂಭಿಸಿದ ಸರದಿ ಪುಸ್ತಕವೊಂದೇ ಎಂದಿದ್ದೀರಿ. ಬಂದ ಅರ್ಜಿಗಳಿಗೆಲ್ಲ ಅದರಲ್ಲಿ ಸಂಖ್ಯೆ, ಯಾರು ಬೇಕಾದರೂ ತೆರೆದು ನೋಡಬಹುದು. ಮೇಲಿನ ಆದೇಶವಿಲ್ಲದೆ ಅದು ಹೇಗೆ ಬೇರೂರಿತು? ಸರದಿ ತಪ್ಪಿಸಬೇಕೆಂದು ಬಂದವರಿಗೆ ಆಕೆ ಏನು ಹೇಳುತ್ತಿದ್ದರು? ಆಕೆ ನಿವೃತ್ತರಾದ ಮೇಲೂ ಪುಸ್ತಕವನ್ನು ಮುಂದುವರಿಸಿದವರು ಯಾರು? ದಯವಿಟ್ಟು ಇದನ್ನು ವಿವರವಾಗಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಕಾದಿರಿಸಿದ್ದೇನೆ.

– ಸಂಪಾದಕ