ಯಾವುದರ ಮೋಲ್?

ನಮಸ್ಕಾರ.

ಪರಮಾಣು, ಅಣುಗಳಂಥ ಕಣಗಳನ್ನು ಎಣಿಸುವ ಏಕಮಾನವಾದ ಮೋಲ್‌ನ ಲೆಕ್ಕದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ವಿಷಯ ಕಟ್ಟಿದ ಕ್ರಮವೂ ಚೆನ್ನಾಗಿದೆ. ಆದರೆ ಎರಡನೇ ಪುಟದ ಈ ವಾಕ್ಯ ದಾಟಿ ಮುಂದೆ ಹೋಗಲು ನನಗೆ ಮನಸ್ಸು ಬರಲಿಲ್ಲ:

'8 ಗ್ರಾಂ ಆಕ್ಸಿಜನ್ ಅನಿಲದಲ್ಲಿ ಅರ್ಧ ಮೋಲ್ ಇದೆ, ಅಂದರೆ 3.011×10²³ ಅಣುಗಳು.'

ನೀವು 8ನ್ನು 16ರಿಂದ ಭಾಗಿಸಿದ್ದೀರಿ. 16 ಆಕ್ಸಿಜನ್ ಪರಮಾಣುವಿನ ಮೋಲಾರ್ ರಾಶಿ, ಅಂದರೆ ಒಂದು ಮೋಲ್ ಪರಮಾಣುಗಳು ಎಷ್ಟು ಗ್ರಾಂ ಎಂಬುದು. ಹಾಗಾಗಿ ಸಿಕ್ಕಿದ್ದು ಪರಮಾಣುಗಳ ಅರ್ಧ ಮೋಲ್. ಸಂಖ್ಯೆ ಪರಮಾಣುಗಳದ್ದು, ಬರೆದ ಹೆಸರು ಅಣುಗಳದ್ದು. ಅನಿಲದಲ್ಲಿರುವುದು ಜೋಡಿ ಪರಮಾಣುಗಳ ಅಣು, ಅದರ ಮೋಲಾರ್ ರಾಶಿ 32. ಆಗ 0.25 ಮೋಲ್, 1.5055×10²³ ಅಣುಗಳು. ಇದನ್ನು ಎರಡರಿಂದ ಗುಣಿಸಿ ನೋಡಿ, ಪರಮಾಣುಗಳ ಎಣಿಕೆಯಾಗಿ ನಿಮ್ಮ 3.011×10²³ ಬಂದು ನಿಲ್ಲುತ್ತದೆ.

ಕನ್ನಡದಲ್ಲಿ ಬರೆಯುವವರು ಇಲ್ಲಿ ಎಡವಲು ಇನ್ನೊಂದು ಕಾರಣವಿದೆ. ಅಣುಬಾಂಬ್, ಅಣುಶಕ್ತಿ, ಅಣುಸ್ಥಾವರ ಎಂದು ರೂಢಿಯಾದ ನಾಲಿಗೆಗೆ ಪರಮಾಣು ಎನ್ನಬೇಕಾದ ಕಡೆಯೂ ಅಣುವೇ ಬರುತ್ತದೆ. ಸುದ್ದಿಯಲ್ಲಿ ಅದು ನಡೆಯುತ್ತದೆ, ಎಣಿಕೆಯಲ್ಲಿ ಉತ್ತರವೇ ಇಮ್ಮಡಿಯಾಗುತ್ತದೆ. ನಾನು ತಿದ್ದುವ ಕೆಲಸ ಕಲಿಯುವಾಗ ಹಿರಿಯರೊಬ್ಬರು ಪ್ರತಿ 'ಮೋಲ್' ಪಕ್ಕದಲ್ಲೂ ಪೆನ್ಸಿಲಿನಿಂದ 'ಯಾವುದರ?' ಎಂದು ಬರೆಯುತ್ತಿದ್ದರು. ನಿಮ್ಮ ಪ್ರತಿಯಲ್ಲಿ ಹನ್ನೊಂದು ಕಡೆ ನಾನೂ ಬರೆದಿದ್ದೇನೆ. 2019ರ ಮೇ 20ರಿಂದ ಜಾರಿಯಲ್ಲಿರುವ ವ್ಯಾಖ್ಯೆಯ ಪ್ರಕಾರ ಒಂದು ಮೋಲ್ ಎಂದರೆ 6.02214076×10²³ ಘಟಕಗಳು. ಘಟಕ ಯಾವುದೆಂದು ಹೇಳದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ. (ನೀವು ಕೊಟ್ಟಿರುವ 12 ಗ್ರಾಂ ಕಾರ್ಬನ್-12ರ ವ್ಯಾಖ್ಯೆ ಹಳೆಯದು, ತೆಗೆಯಿರಿ.)

ಮೈಲುತುತ್ತದ (ತಾಮ್ರದ ಸಲ್ಫೇಟ್) ಉದಾಹರಣೆಯಲ್ಲೂ ಇದೇ ಪ್ರಶ್ನೆ ತಪ್ಪಿಹೋಗಿದೆ. 25 ಗ್ರಾಂ ನೀಲಿ ಹರಳು ತೂಗಿ, 159.6ರಿಂದ ಭಾಗಿಸಿ, 0.157 ಮೋಲ್ ಎಂದಿದ್ದೀರಿ. 159.6 ನೀರಿಲ್ಲದ ಬಿಳಿ ಪುಡಿಯದ್ದು. ನೀಲಿ ಹರಳಿನ ಪ್ರತಿ ಘಟಕದೊಳಗೆ ಐದು ನೀರಿನ ಅಣುಗಳಿವೆ, ತಕ್ಕಡಿ ಅವನ್ನೂ ತೂಗುತ್ತದೆ. ಭಾಗಿಸಬೇಕಾದ್ದು 249.7ರಿಂದ, ಉತ್ತರ 0.100 ಮೋಲ್. ನಿಮ್ಮನ್ನು ನಂಬಿದ ವಿದ್ಯಾರ್ಥಿ 0.1 ಮೋಲ್ ಬೇಕೆಂದು 15.96 ಗ್ರಾಂ ಹರಳು ಕರಗಿಸುತ್ತಾನೆ. ಅವನಿಗೆ ದಕ್ಕುವುದು 0.064 ಮೋಲ್ ಮಾತ್ರ. ದ್ರಾವಣ ಆಗಲೂ ನೀಲಿಯಾಗಿಯೇ ಇರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ತೂಗುವ ಮೊದಲು ಬಾಟಲಿಯ ಚೀಟಿಯಲ್ಲಿ 'ಪೆಂಟಾಹೈಡ್ರೇಟ್' (ಐದು ನೀರಿನ ಅಣುಗಳುಳ್ಳದ್ದು) ಎಂದಿದೆಯೇ ಎಂದು ನೋಡಲು ಒಂದು ಸಾಲು ಸೇರಿಸಿ.

ಹರಳಿನೊಳಗಿನ ಆಕ್ಸಿಜನ್ ಪರಮಾಣುಗಳ ಎಣಿಕೆಯೂ ಇದರಿಂದಲೇ ಕೆಟ್ಟಿದೆ. ಸಲ್ಫೇಟಿನಲ್ಲಿ ನಾಲ್ಕು, ನೀರಿನಲ್ಲಿ ಐದು, ಒಟ್ಟು ಒಂಬತ್ತು. 0.1 ಮೋಲ್ ಹರಳಿನಲ್ಲಿ 0.9 ಮೋಲ್ ಆಕ್ಸಿಜನ್ ಪರಮಾಣು, ಅಂದರೆ 5.42×10²³.

ಈ ಎರಡು ಉದಾಹರಣೆಗಳನ್ನು ಹೊಸದಾಗಿ ಬರೆದು ಕಳಿಸಿ. ಪ್ರತಿ ಸಾಲಿನಲ್ಲೂ ಸಂಖ್ಯೆ, ಏಕಮಾನ, ಕಣದ ಹೆಸರು ಮೂರೂ ಇರಲಿ: '0.25 ಮೋಲ್ ಆಕ್ಸಿಜನ್ ಅಣು'. ದಶಮಾಂಶಗಳನ್ನು ನಡುನಡುವೆ ಕತ್ತರಿಸದೆ ಕೊನೆಯಲ್ಲಿ ಒಮ್ಮೆ ಮಾತ್ರ ಸರಿಹೊಂದಿಸಿ.