ಜಾಸ್ತಿ ಜನ ನೋಡದೇ ಇರೋ, ಆದ್ರೆ ನೋಡಲೇಬೇಕಾದ ಹಳೇ ವೆಸ್ಟರ್ನ್ (ಕೌಬಾಯ್) ಸಿನಿಮಾ ಯಾವುದು? ಬ್ಲಾಕ್ ಅಂಡ್ ವೈಟ್ ಆದ್ರೆ ಬೋರ್ ಹೊಡೆಯುತ್ತಾ?

ನಾನು ಹೇಳೋದು 1950ರ 'ದಿ ಗನ್‌ಫೈಟರ್'. ಹೆನ್ರಿ ಕಿಂಗ್ ಡೈರೆಕ್ಷನ್, ಗ್ರೆಗರಿ ಪೆಕ್ ಹೀರೋ. ಪೆಕ್ ಅಂದ್ರೆ ನಮ್ಮಲ್ಲಿ ಹಿಂದಿನ ತಲೆಮಾರಿನವರಿಗೆ ಥಟ್ ಅಂತ ನೆನಪಾಗೋದು 'ಮೆಕೆನಾಸ್ ಗೋಲ್ಡ್', ಇಂಡಿಯಾದಲ್ಲಿ ಅದು ಓಡಿದ್ದು ಅಷ್ಟಿಷ್ಟಲ್ಲ. ಆದ್ರೆ ಅದಕ್ಕೂ ಹೆಚ್ಚೂಕಮ್ಮಿ 20 ವರ್ಷ ಮುಂಚೆ ಅವನು ಮಾಡಿದ ಈ ಸಿನಿಮಾದ ಹೆಸರು ಎತ್ತೋರು ತುಂಬಾ ಕಮ್ಮಿ, ನನಗೆ ಅದೇ ಬೇಜಾರು.

ಕಥೆ ಇಷ್ಟೇ. ಜಿಮ್ಮಿ ರಿಂಗೋ ಅಂತ ಒಬ್ಬ, ಇಡೀ ಸೀಮೆಯಲ್ಲೇ ಅವನಷ್ಟು ಬೇಗ ಗನ್ ತೆಗೆಯೋರು ಇಲ್ಲ ಅಂತ ಹೆಸರು. ವಯಸ್ಸಾಗ್ತಾ ಬಂದಿದೆ, ಸಾಕಾಗಿದೆ, ಹೆಂಡ್ತಿ ಮಗನ್ನ ನೋಡಿ ವರ್ಷಗಳೇ ಆಗಿವೆ, ಅವರನ್ನ ಕರ್ಕೊಂಡು ಯಾರೂ ಗುರುತು ಹಿಡಿಯದ ಕಡೆ ಹೋಗಿ ನೆಮ್ಮದಿಯಾಗಿ ಇರಬೇಕು ಅಂತ ಆಸೆ. ಆದ್ರೆ ಎಲ್ಲಿ ಹೋದ್ರೂ ಅವನಿಗಿಂತ ಮುಂಚೆ ಅವನ ಹೆಸರು ಹೋಗಿ ಕೂತಿರುತ್ತೆ.

ಮೊದಲನೇ ಸೀನೇ ನೋಡಿ. ಸುಸ್ತಾಗಿ ಒಂದು ಬಾರ್‌ಗೆ ಬಂದು ಸುಮ್ನೆ ಕುಡೀತಾ ನಿಂತಿರ್ತಾನೆ. ಎಡ್ಡಿ ಅಂತ ಒಬ್ಬ ಎಳೆ ಹುಡುಗ, ರಿಂಗೋನ ಹೊಡೆದವನು ನಾನು ಅನ್ನಿಸ್ಕೋಬೇಕು ಅಂತ ಕಾಲು ಕೆರೆದು ಜಗಳಕ್ಕೆ ಬರ್ತಾನೆ. ರಿಂಗೋ ಅವನ ಜೊತೆಯೋರಿಗೆ, ಸಮಾಧಾನ ಮಾಡ್ರಪ್ಪ ಇವನನ್ನ, ಅನ್ನೋ ಥರ ಹೇಳ್ತಾನೆ. ಹುಡುಗ ಕೇಳಲ್ಲ, ಗನ್‌ಗೆ ಕೈ ಹಾಕ್ತಾನೆ, ಅಷ್ಟೇ, ಮುಗೀತು. ಆ ಗುಂಡು ಹಾರಿದಾಗ ನಮಗೆ ಒಂಚೂರೂ ಖುಷಿ ಆಗಲ್ಲ, ಹೀರೋ ಗೆದ್ದ ಅಂತ ಸೀಟಿ ಹೊಡೆಯೋಕೆ ಮನಸ್ಸೇ ಬರಲ್ಲ, ಯಾಕಂದ್ರೆ ಅಲ್ಲಿದ್ದೋರು ತಕ್ಷಣ ಹೇಳೋದೇನು ಅಂದ್ರೆ ಎಡ್ಡಿಗೆ ಮೂರು ಜನ ಅಣ್ಣತಮ್ಮಂದಿರು ಇದಾರೆ, ತಪ್ಪು ಯಾರದ್ದು ಅಂತ ಅವರು ಕೇಳಲ್ಲ, ನೀನು ಮೊದಲು ಇಲ್ಲಿಂದ ಹೊರಡು ಅಂತ.

ಅಲ್ಲಿಂದ ಅವನು ಬರೋದು ಹೆಂಡ್ತಿ ಇರೋ ಕಯೆನ್ ಅನ್ನೋ ಊರಿಗೆ. ಹೆಂಡ್ತಿ ಪೆಗ್ಗಿ ಅಲ್ಲಿ ಹೆಸರು ಬದಲಾಯಿಸ್ಕೊಂಡು ಸ್ಕೂಲ್ ಟೀಚರ್ ಆಗಿದಾಳೆ, ಸಿಗೋಕೆ ಒಪ್ಪಲ್ಲ. ಊರಿನ ಮಾರ್ಷಲ್, ಅಂದ್ರೆ ಪೊಲೀಸ್ ಅಧಿಕಾರಿ, ಒಂದು ಕಾಲದಲ್ಲಿ ಇವನ ಗ್ಯಾಂಗ್‌ನಲ್ಲೇ ಇದ್ದೋನು. ಇನ್ನು ಉಳಿದ ಸಿನಿಮಾ ಬಹುಪಾಲು ಸಲೂನ್ (ಅಂದ್ರೆ ಆ ಊರಿನ ಬಾರ್) ಒಳಗೇ, ಕಾಯೋದೇ ಕೆಲಸ. ಗೋಡೆ ಮೇಲೆ ಗಡಿಯಾರ, ಹಿಂದೆ ಬರ್ತಿರೋ ಮೂರು ಜನ, ಎದುರು ಕಟ್ಟಡದ ಕಿಟಕಿಯಲ್ಲಿ ಬಂದೂಕು ಹಿಡಿದು ಕೂತಿರೋ ಒಬ್ಬ ಮುದುಕ, ತನ್ನ ಮಗನ್ನ ಕೊಂದಿದ್ದು ಇವನೇ ಅಂತ ಅವನ ನಂಬಿಕೆ. ಹೊರಗಡೆ ಊರಿನ ಹುಡುಗ್ರೆಲ್ಲ ಸ್ಕೂಲಿಗೆ ಚಕ್ಕರ್ ಹೊಡೆದು ಕಿಟಕಿಗೆ ಮುಖ ಒತ್ಕೊಂಡು ಇಣುಕ್ತಾ ಇರ್ತಾರೆ. ಒಳಗೆ ಕೂತಿರೋನಿಗೆ ಯಾವುದು ಬೇಡವೋ ಹೊರಗಿನ ಹುಡುಗರಿಗೆ ಅದೇ ಬೇಕು, ಡೈರೆಕ್ಟರ್ ಇದನ್ನ ಒಂದು ಭಾಷಣನೂ ಇಲ್ಲದೆ ತೋರಿಸಿಬಿಡ್ತಾನೆ.

ನಗು ಬರೋ ಸೀನೂ ಇದೆ. ಮಾರ್ಷಲ್ ಆಫೀಸಿಗೆ ಊರಿನ ಹೆಂಗಸರು ಗುಂಪು ಕಟ್ಕೊಂಡು ಬಂದು ಆ ಕೊಲೆಗಡುಕನ್ನ ಇನ್ನೂ ಯಾಕೆ ಬಿಟ್ಟಿದೀರ ಅಂತ ಗಲಾಟೆ ಮಾಡ್ತಾರೆ, ಅಲ್ಲಿರೋ ರಿಂಗೋ ಜೊತೇಲೇ, ಯಾರು ಅಂತ ಗೊತ್ತಿಲ್ದೆ! ಅವನೂ ಮರ್ಯಾದೆಯಿಂದ ಮಾತಾಡ್ತಾನೆ, ಇಂಥ ಮನುಷ್ಯ ನಮ್ಮ ಪಕ್ಕದ ಮನೇಲಿದ್ರೆ ಚೆನ್ನಾಗಿತ್ತು ಅನ್ಸುತ್ತೆ. ಹೆಸರು ಗೊತ್ತಾದ ಕ್ಷಣ ಎದ್ದೆನೋ ಬಿದ್ದೆನೋ ಅಂತ ಜಾಗ ಖಾಲಿ.

ಪೆಕ್ ಇದರಲ್ಲಿ ಜೋಲು ಮೀಸೆ ಬಿಟ್ಟಿದಾನೆ, ಆ ಕಾಲದ ಫೋಟೋಗಳಲ್ಲಿ ಇರೋ ಥರದ್ದು. ಸ್ಟುಡಿಯೋ ದೊಡ್ಡೋರಿಗೆ ಅದು ಹಿಡಿಸಲಿಲ್ಲ, ಅಂದುಕೊಂಡಷ್ಟು ದುಡ್ಡು ಬರದಿದ್ದಕ್ಕೆ ಆ ಮೀಸೆಯನ್ನೇ ದೂರಿದ್ರು. ನನ್ನ ಪ್ರಕಾರ ಆ ಮೀಸೆ ಇಲ್ದಿದ್ರೆ ಅವನು ಸಿನಿಮಾ ಹೀರೋ ಥರ ಕಾಣ್ತಿದ್ದ, ಈಗ ನಿದ್ದೆಗೆಟ್ಟ ಮನುಷ್ಯನ ಥರ ಕಾಣ್ತಾನೆ.

ಎರಡು ವರ್ಷ ಆದ್ಮೇಲೆ 'ಹೈ ನೂನ್' ಅನ್ನೋ ಇನ್ನೊಂದು ವೆಸ್ಟರ್ನ್ ಬಂತು, ಅಲ್ಲೂ ಗಡಿಯಾರ, ಅಲ್ಲೂ ಕಾಯೋದು, ಹೆಸರೆಲ್ಲ ಅದು ತಗೊಂಡುಬಿಡ್ತು. ಅದರ ಹೀರೋ ಪಾತ್ರ ಮೊದಲು ಪೆಕ್ ಹತ್ರಾನೇ ಬಂದಿತ್ತು, 'ಗನ್‌ಫೈಟರ್' ಥರಾನೇ ಇದೆ ಅಂತ ಬಿಟ್ಟ. 'ಹೈ ನೂನ್' ಒಳ್ಳೇ ಸಿನಿಮಾನೇ, ಆದ್ರೆ ಅಲ್ಲಿ ಗನ್ ಹಿಡಿದೋನು ಸರಿ, ಊರೋರು ಹೇಡಿಗಳು. ಇಲ್ಲಿ ಅಷ್ಟು ಸುಲಭ ಇಲ್ಲ, ರಿಂಗೋ ಮಾಡಿದ್ದೇ ಅವನಿಗೆ ಸುತ್ಕೊಂಡಿದೆ, ಅದು ಅವನಿಗೂ ಗೊತ್ತು.

ಮುಂದಿನದು ಕ್ಲೈಮ್ಯಾಕ್ಸ್, ಬೇಡ ಅಂದ್ರೆ ಈ ಪ್ಯಾರಾ ಬಿಟ್ಟುಬಿಡಿ. ಹಂಟ್ ಬ್ರಾಮ್ಲಿ ಅನ್ನೋ ಪುಂಡ ಹಿಂದಿನಿಂದ ಗುಂಡು ಹೊಡೀತಾನೆ. ಸಾಯ್ತಾ ಇರೋ ರಿಂಗೋ, ಮೊದಲು ಗನ್ ತೆಗೆದೋನು ನಾನೇ ಅಂತ ಸುಳ್ಳು ಹೇಳ್ತಾನೆ. ಅವನನ್ನ ಕ್ಷಮಿಸಿದ್ದಕ್ಕೆ ಅಲ್ಲ. ಇವನನ್ನ ಗಲ್ಲಿಗೆ ಹಾಕ್ಬೇಡಿ, ನಾನು ಬದುಕಿದ ಹಾಗೇ ಇವನೂ ಬದುಕ್ಲಿ ಅಂತ. ವೆಸ್ಟರ್ನ್‌ಗಳಲ್ಲಿ ಇದಕ್ಕಿಂತ ಭಯಂಕರ ಸೇಡು ನಾನು ನೋಡಿಲ್ಲ.

ಇನ್ನು ಬೋರ್ ವಿಷಯ. ಕ್ಯಾಮೆರಾ ಆರ್ಥರ್ ಮಿಲ್ಲರ್, ಮೂರು ಆಸ್ಕರ್ ಗೆದ್ದೋನು, ಆ ಸಲೂನ್ ಒಳಗಿನ ನೆರಳು ಬೆಳಕು ಬಣ್ಣದಲ್ಲಿ ಬರೋಕೆ ಸಾಧ್ಯಾನೇ ಇಲ್ಲ. ಸಿನಿಮಾ ಒಂದೂವರೆ ಗಂಟೆ ಕೂಡ ಇಲ್ಲ. ಫೋನ್ ಪಕ್ಕಕ್ಕಿಟ್ಟು ರಾತ್ರಿ ಲೈಟ್ ಆಫ್ ಮಾಡ್ಕೊಂಡು ನೋಡಿ, 'ಹೈ ನೂನ್' ಇನ್ನೂ ನೋಡಿಲ್ಲ ಅಂದ್ರೆ ಇದನ್ನೇ ಮೊದಲು ನೋಡಿ.